ಗುಳ್ಳೆಯ ಜೊತೆ ಸಾಗದ ಫ್ಲೈ

ನಮ್ಮ ಜೊತೆ ಹೊಳೆಗೆ ಬಂದು ಫ್ಲೈ ಫಿಶಿಂಗ್ ಕಲಿಯುತ್ತಿದ್ದ ಆಕೆಗೆ ಆರನೇ ದಿನವೂ ಮೀನು ಸಿಗಲಿಲ್ಲ. ಸಂಜೆ ದಡದ ಕಲ್ಲಿನ ಮೇಲೆ ಕೂತು ರೀಲಿಗೆ ಲೈನ್ ಸುತ್ತುತ್ತಾ, "ಇದು ನನ್ನ ಕೈಗೆ ಹತ್ತೋ ವಿದ್ಯೆ ಅಲ್ಲ ಅನ್ಸುತ್ತೆ" ಎಂದರು. ಅವರು ಹಾಗೆ ಹೇಳುವಾಗಲೇ ಎದುರು ದಡದ ನೆರಳಿನಲ್ಲಿ ಮೂರು ಟ್ರೌಟ್ ಮೀನು ಮೇಲೆದ್ದು ಹುಳ ತಿನ್ನುತ್ತಿದ್ದವು. ನೀರಿನ ಮೇಲೆ ಒಂದರ ಹಿಂದೊಂದು ಉಂಗುರ ಮೂಡುತ್ತಿತ್ತು. ಮೀನು ಇತ್ತು. ಅದಕ್ಕೆ ಹಸಿವೂ ಇತ್ತು. ಅವರ ಲೈನಿನ ತುದಿಯಲ್ಲಿದ್ದ ಫ್ಲೈ, ಅಂದರೆ ಹುಳದಂತೆ ಕಟ್ಟಿದ ಕೊಕ್ಕೆ ಕೂಡ ಸರಿಯಾದದ್ದೇ. ಆದರೂ ಆರು ದಿನದಲ್ಲಿ ಒಂದು ಮೀನೂ ಬಾಯಿ ಹಾಕಿರಲಿಲ್ಲ.

ಇದು ಆ ಒಬ್ಬರ ಪ್ರಕರಣ. ಅವರಿಗೆ ಕಲಿಸಲು ಹೊರಟ ನಮ್ಮ ಮೂವರ ಪ್ರಕರಣವೂ ಹೌದು. ತಪ್ಪು ಎಲ್ಲಿದೆ ಎಂದು ಹುಡುಕಲು ಹೊರಟಾಗ ಅದರ ಅರ್ಧ ಪಾಲು ನಮ್ಮ ಹತ್ತಿರವೇ ಸಿಕ್ಕಿತು. ಹೊಸಬರನ್ನು ಹೊಳೆಗೆ ಕರೆದೊಯ್ಯುವ ಬೇರೆಯವರಿಗೂ ಇದು ಬೇಕಾಗಬಹುದು ಎಂದು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಅವರು ಮತ್ತು ಆ ಹೊಳೆ

ಅವರಿಗೆ ನಲವತ್ತರ ಆಸುಪಾಸು. ಗಾಳ ಹಿಡಿದು ಗೊತ್ತಿಲ್ಲದವರೇನಲ್ಲ. ಚಿಕ್ಕಂದಿನಿಂದ ನಿಂತ ನೀರಿನಲ್ಲಿ ಬೆಂಡು ಕಟ್ಟಿ, ಎರೆಹುಳು ಚುಚ್ಚಿ ಮೀನು ಹಿಡಿದವರು. ಗಂಟು ಹಾಕುವುದರಲ್ಲಿ ನಮಗಿಂತ ಚುರುಕು. ಬಿಗಿಯುವ ಮೊದಲು ಗಂಟನ್ನು ಒದ್ದೆ ಮಾಡಬೇಕು, ಇಲ್ಲದಿದ್ದರೆ ಉಜ್ಜಿದ ಬಿಸಿಗೆ ನೈಲಾನ್ ಬಲ ಕಳೆದುಕೊಳ್ಳುತ್ತೆ ಎಂಬುದನ್ನು ನಾವು ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಜೊತೆ ಹೊಳೆಗೆ ಬರುವ ಮೊದಲು ಎರಡು ತಿಂಗಳು ಹುಲ್ಲಿನ ಬಯಲಿನಲ್ಲಿ ಒಬ್ಬರೇ ನಿಂತು ಕ್ಯಾಸ್ಟಿಂಗ್ ಅಭ್ಯಾಸ ಮಾಡಿದ್ದರು. ನಲವತ್ತು ಅಡಿ ದೂರಕ್ಕೆ ಲೈನ್ ಗೆರೆ ಎಳೆದ ಹಾಗೆ ನೇರವಾಗಿ ಬೀಳುತ್ತಿತ್ತು. ಅದನ್ನು ನೋಡಿ ಮೂವರೂ ತಲೆದೂಗಿದ್ದೆವು. ಹೊಸಬರ ಕೈಯಲ್ಲಿ ಅಷ್ಟು ಚೆಂದದ ಕ್ಯಾಸ್ಟ್ ನಾನು ನೋಡಿದ್ದು ಕಡಿಮೆ.

ಫ್ಲೈ ಕ್ಯಾಸ್ಟಿಂಗ್ ನೋಡದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಬೇರೆ ಗಾಳಗಳಲ್ಲಿ ತುದಿಯ ಭಾರವೇ ದಾರವನ್ನು ಎಳೆದುಕೊಂಡು ಹೋಗುತ್ತೆ. ಇಲ್ಲಿ ಫ್ಲೈಗೆ ಭಾರವೇ ಇಲ್ಲ. ಅದು ಕೊಕ್ಕೆಗೆ ಗರಿ, ರೋಮ ಸುತ್ತಿ ಮಾಡಿದ ಹುಳದ ನಕಲು. ಹಾಗಾಗಿ ದಪ್ಪ ಲೈನಿನ ಭಾರವನ್ನೇ ಹಿಂದಕ್ಕೂ ಮುಂದಕ್ಕೂ ಬೀಸಿ, ಅದರ ಜೊತೆ ಫ್ಲೈಯನ್ನು ಕಳಿಸಬೇಕು. ಲೈನಿನ ತುದಿಗೆ ಸಣ್ಣಗಾಗುತ್ತಾ ಹೋಗುವ ಲೀಡರ್. ಅದರ ಕೊನೆಗೆ ಕೂದಲಿನಂಥ ಟಿಪೆಟ್. ಅವರ ಕೈಯಲ್ಲಿದ್ದದ್ದು 9 ಅಡಿಯ 5 ವೇಟ್ (ಲೈನಿನ ಭಾರದ ಅಂಕೆ) ರಾಡ್, 9 ಅಡಿಯ ಲೀಡರ್, 5ಎಕ್ಸ್ ಟಿಪೆಟ್. ಈ ಎಕ್ಸ್ ಲೆಕ್ಕ ಸುಲಭ. 11ರಿಂದ ಆ ಸಂಖ್ಯೆ ಕಳೆಯಿರಿ. ಉಳಿದದ್ದು ಇಂಚಿನ ಸಾವಿರದ ಭಾಗದಲ್ಲಿ ದಪ್ಪ. 5ಎಕ್ಸ್ ಅಂದರೆ ಇಂಚಿನ ಸಾವಿರದಲ್ಲಿ 6 ಭಾಗ, ಸುಮಾರು 0.15 ಮಿಲಿಮೀಟರ್. ಆ ಹೊಳೆಗೆ, ಆ ಮೀನಿಗೆ ಇದಕ್ಕಿಂತ ಬೇರೆ ಬೇಕಿರಲಿಲ್ಲ.

ಹೊಳೆಯ ಅಗಲ ಆ ಜಾಗದಲ್ಲಿ ಸುಮಾರು ನಲವತ್ತೈದು ಅಡಿ. ನಾವು ನಿಲ್ಲುತ್ತಿದ್ದ ದಡದ ಬದಿಯಲ್ಲಿ ಮೊಣಕಾಲುದ್ದ ನೀರು, ನಿಧಾನದ ಹರಿವು. ನಡುವೆ ಕಲ್ಲುಗಳ ಮಧ್ಯೆ ಜೋರಾದ ಸೆಳವು. ಆಚೆ ದಡದ ಮರದ ಬೇರುಗಳ ಕೆಳಗೆ ಮತ್ತೆ ನಿಧಾನದ, ಆಳದ, ನೆರಳಿನ ನೀರು. ಜೋರಿನ ಸೆಳವೂ ನಿಧಾನದ ನೀರೂ ಒಂದನ್ನೊಂದು ಮುಟ್ಟುವ ಅಂಚಿನಲ್ಲಿ ಟ್ರೌಟ್ ನಿಲ್ಲುತ್ತೆ. ಜೋರಿನ ನೀರು ತಿಂಡಿ ತರುತ್ತೆ, ನಿಧಾನದ ನೀರು ಸುಸ್ತಾಗಲು ಬಿಡಲ್ಲ. ಆಚೆ ದಡದ ಆ ಅಂಚಿನಲ್ಲೇ ನಮ್ಮ ಮೂರು ಮೀನುಗಳಿದ್ದವು.

ಒಬ್ಬರಿಗೆ ಮೂವರು

ಮೂವರಲ್ಲಿ ಹಿರಿಯರೊಬ್ಬರು ಡ್ರೈ ಫ್ಲೈ, ಅಂದರೆ ನೀರಿನ ಮೇಲೆ ತೇಲುವ ಫ್ಲೈ ಬಿಟ್ಟು ಬೇರೆ ಮುಟ್ಟುವುದಿಲ್ಲ. ಮೀನು ಮೇಲೆದ್ದು ಬಂದರೆ ಮಾತ್ರ ಅವರಿಗೆ ಅದು ಟ್ರೌಟ್ ಹಿಡಿದಂತೆ. ಇನ್ನೊಬ್ಬ ಗೆಳೆಯ ನಿಂಫ್ ಪಂಗಡದವನು. ನಿಂಫ್ ಅಂದರೆ ನೀರಿನೊಳಗೆ ಮುಳುಗುವ, ಹುಳದ ಮರಿಯ ನಕಲು. ಮೀನು ಜಾಸ್ತಿ ತಿನ್ನುವುದು ನೀರಿನೊಳಗೆ, ಹಾಗಿರುವಾಗ ಮೇಲೇಕೆ ಕಾಯಬೇಕು ಎನ್ನುವವನು. ನಾನು ಎರಡನ್ನೂ ಮಾಡುತ್ತೇನೆ. ಈ ಜಗಳ ನಮ್ಮದೇನೂ ಹೊಸದಲ್ಲ. ನೂರು ವರ್ಷದ ಹಿಂದೆ ಇಂಗ್ಲೆಂಡಿನ ಸುಣ್ಣಕಲ್ಲಿನ ಹೊಳೆಗಳಲ್ಲಿ ಫ್ರೆಡರಿಕ್ ಹಾಲ್‌ಫರ್ಡ್ ಡ್ರೈ ಫ್ಲೈಯನ್ನು ಎತ್ತಿಹಿಡಿದರು. ಜಿ. ಇ. ಎಂ. ಸ್ಕ್ಯೂಸ್ ನಿಂಫ್ ಪರ ನಿಂತರು. ಇಬ್ಬರ ಹಿಂಬಾಲಕರೂ ದಶಕಗಟ್ಟಲೆ ವಾದ ಮಾಡಿದರು. ದೊಡ್ಡವರ ವಾದ ಓದಲು ಚೆನ್ನ. ಆದರೆ ನೀರಿನಲ್ಲಿ ನಿಂತ ಹೊಸಬರ ಎಡಕಿವಿಗೆ ಒಬ್ಬ, ಬಲಕಿವಿಗೆ ಇನ್ನೊಬ್ಬ ಹೇಳುತ್ತಿದ್ದರೆ ಅದು ಅವರ ಪಾಲಿಗೆ ಬರೀ ಗದ್ದಲ.

ವಾರಕ್ಕೊಂದು ದಿನ ಹೋಗುತ್ತಿದ್ದೆವು. ಮೊದಲ ದಿನ ಹಿರಿಯರು ಪ್ಯಾರಾಶೂಟ್ ಆಡಮ್ಸ್ ಕಟ್ಟಿಕೊಟ್ಟರು. ಆಡಮ್ಸ್ ಎಂಬ ಫ್ಲೈಯನ್ನು ಮೊದಲು ಕಟ್ಟಿದ್ದು ಲಿಯೊನಾರ್ಡ್ ಹ್ಯಾಲಡೆ, 1922ರಲ್ಲಿ, ಅಮೆರಿಕದ ಮಿಷಿಗನ್‌ನಲ್ಲಿ. ಯಾವ ಒಂದು ಹುಳದ ತದ್ರೂಪವೂ ಅಲ್ಲ ಅದು. ಬೂದು ಬಣ್ಣ, ಕಂದು ಗರಿ, ಹತ್ತಾರು ಹುಳಗಳಿಗೆ ಹತ್ತಿರವಾಗುವ ಆಕಾರ. ಅದಕ್ಕೇ ಎಲ್ಲಾ ಕಡೆ ನಡೆಯುತ್ತೆ. ಎರಡನೇ ವಾರ ಗೆಳೆಯ ಅದನ್ನು ಬಿಚ್ಚಿಸಿ ಫೆಸೆಂಟ್ ಟೇಲ್ ನಿಂಫ್ ಹಾಕಿಸಿದ. ಹೊಳೆ ಕಾಯುವ ಕೆಲಸದಲ್ಲಿದ್ದ ಫ್ರಾಂಕ್ ಸಾಯರ್ ಬರೀ ತಾಮ್ರದ ತಂತಿ ಮತ್ತು ಫೆಸೆಂಟ್ ಹಕ್ಕಿಯ ಬಾಲದ ಗರಿಯಿಂದ ಕಟ್ಟಿದ ನಿಂಫ್ ಅದು. ಮೂರನೇ ವಾರ ನಾನು ಮತ್ತೆ ಡ್ರೈ ಫ್ಲೈಗೆ ತಂದೆ, ಒಂದು ಸೈಜ್ ಚಿಕ್ಕದು. ಹೀಗೇ ನಡೆಯಿತು. ಮೀನು ತಿನ್ನದಿದ್ದಾಗಲೆಲ್ಲ ನಾವು ಫ್ಲೈ ಬದಲಾಯಿಸಿದೆವು. ಅದು ನಮಗೆ ಸುಲಭದ ದಾರಿಯಾಗಿತ್ತು ಎಂದು ಈಗ ಅನಿಸುತ್ತೆ. ಪೆಟ್ಟಿಗೆ ತೆರೆಯುವುದು ಸುಲಭ. ಎದುರಿಗಿರುವವರು ಏನು ಮಾಡುತ್ತಿದ್ದಾರೆ ಎಂದು ಸುಮ್ಮನೆ ನಿಂತು ನೋಡುವುದು ಕಷ್ಟ.

ನಾಲ್ಕನೇ ವಾರ ಹಿರಿಯರು ಆಕೆಯದೇ ರಾಡ್ ತೆಗೆದುಕೊಂಡು, ಆಕೆಯದೇ ಫ್ಲೈಯಿಂದ, ಅದೇ ಮೂರು ಮೀನುಗಳಲ್ಲಿ ಒಂದನ್ನು ಹಿಡಿದು ತೋರಿಸಿದರು. "ನೋಡಿದ್ರಲ್ಲ, ಹೀಗೇ ಮಾಡಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಅವತ್ತು ಆಕೆಯ ಮುಖ ಇನ್ನೂ ಸಣ್ಣದಾಯಿತು.

ನೋಟ್‌ಬುಕ್

ಆರನೇ ದಿನ ಆಕೆ ಬಿಟ್ಟುಬಿಡುವ ಮಾತಾಡಿದಾಗ ನಾನು ಅವರ ನೋಟ್‌ಬುಕ್ ಕೇಳಿದೆ. ಪ್ರತಿ ವಾರ ಏನೋ ಬರೆಯುತ್ತಿದ್ದುದನ್ನು ನೋಡಿದ್ದೆ. ಕೊಟ್ಟರು. ಮನೆಗೆ ಹೋಗಿ ಕೂತು ಓದಿದೆ.

ಮೊದಲು ಕಣ್ಣಿಗೆ ಬಿದ್ದದ್ದು ನಮ್ಮದೇ ಮಾತುಗಳು. ಐದನೇ ದಿನದ ಪುಟದಲ್ಲಿ ನಾವು ಮೂವರು ಹೇಳಿದ್ದನ್ನೆಲ್ಲ ಆಕೆ ಒಂದರ ಕೆಳಗೊಂದು ಬರೆದಿದ್ದರು. ಹದಿನಾಲ್ಕು ಸೂಚನೆ, ಒಂದೇ ಮಧ್ಯಾಹ್ನದಲ್ಲಿ. 'ರಾಡ್ ತುದಿ ಮೇಲಿರಲಿ.' ಅದರ ಕೆಳಗೆ, 'ರಾಡ್ ತುದಿ ಕೆಳಗಿರಲಿ.' 'ಮಣಿಕಟ್ಟು ಆಡಿಸಬಾರದು.' 'ಮಣಿಕಟ್ಟು ಸ್ವಲ್ಪ ಸಡಿಲ ಬಿಡಿ.' ಒಂದೊಂದೂ ಅದರದರ ಹೊತ್ತಿಗೆ ಸರಿಯಾದ ಮಾತೇ. ಯಾವ ಹೊತ್ತಿಗೆ ಯಾವುದು ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಓದುತ್ತಾ ನನಗೆ ನಿಜಕ್ಕೂ ಬೇಸರವಾಯಿತು.

ಎರಡನೆಯದು, ಮೂರನೇ ವಾರದ ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿತ್ತು. 'ಮೀನು ಫ್ಲೈ ಹತ್ತಿರ ಬಂತು. ನೋಡಿತು. ವಾಪಸ್ ಹೋಯಿತು.' ಮುಂದಿನ ಪುಟಗಳಲ್ಲಿ ಇದೇ ಸಾಲು ಇನ್ನೂ ಮೂರು ಸಲ. ನಮ್ಮಲ್ಲಿ ಯಾರಿಗೂ ಆಕೆ ಇದನ್ನು ಹೇಳಿರಲಿಲ್ಲ. ಅದು ಮುಖ್ಯ ಎಂದು ಅವರಿಗೆ ಗೊತ್ತಿರಲಿಲ್ಲ. ನಾವೂ ಕೇಳಿರಲಿಲ್ಲ.

ಈ ಒಂದು ಸಾಲು ಎಷ್ಟೊಂದು ಸಂಗತಿ ಹೇಳುತ್ತೆ ನೋಡಿ. ಮೀನು ಹತ್ತಿರ ಬಂದಿದೆ ಎಂದರೆ ಅದು ಹೆದರಿಲ್ಲ. ಅಂದರೆ ಅವರ ನಡಿಗೆ, ನೆರಳು, ಸದ್ದು ಕಾರಣವಲ್ಲ. ಫ್ಲೈ ಸರಿಯಾದ ಸಾಲಿನಲ್ಲೇ ಬಿದ್ದಿದೆ. ಅಂದರೆ ಗುರಿಯೂ ತಪ್ಪಿಲ್ಲ. ಫ್ಲೈ ಮತ್ತು ಟಿಪೆಟ್ ತಪ್ಪು ಎನ್ನೋಣ ಎಂದರೆ ಹಿರಿಯರು ಅವೆರಡರಿಂದಲೇ ಮೀನು ಹಿಡಿದಿದ್ದಾರೆ. ಉಳಿಯುವುದು ಒಂದೇ. ಫ್ಲೈ ತೇಲುವ ರೀತಿ. ಕೊನೆಯ ಗಳಿಗೆಯಲ್ಲಿ ಮೀನಿಗೆ ಅದರಲ್ಲಿ ಏನೋ ಸರಿಯಿಲ್ಲ ಎಂದು ಕಂಡಿದೆ.

ಇದಕ್ಕೆ ಡ್ರ್ಯಾಗ್ ಎನ್ನುತ್ತೇವೆ. ನೀರು ಹೋಗುವ ವೇಗದಲ್ಲಿ ಹೋಗದೆ, ಲೈನ್ ಎಳೆದ ಕಡೆಗೆ ಫ್ಲೈ ಹೋಗುವುದು. ನಾವು ಇದನ್ನು ಅವರಿಗೆ ಮೊದಲ ದಿನವೇ ಹೇಳಿದ್ದೆವು. ಅವರೂ ಬರೆದುಕೊಂಡಿದ್ದರು. ಆದರೆ ನಮ್ಮ ಕಣ್ಣಿಗೆ ಅವರ ಫ್ಲೈ ಚೆನ್ನಾಗಿಯೇ ತೇಲುತ್ತಿತ್ತು.

ಏಳನೇ ದಿನ

ನಾನು ಆಕೆಗೆ ಇನ್ನೊಂದೇ ದಿನ ಬನ್ನಿ ಎಂದು ಕೇಳಿಕೊಂಡೆ. ಉಳಿದಿಬ್ಬರಿಗೆ ಅವತ್ತು ಬರಬೇಡಿ ಎಂದೆ. ನನ್ನ ರಾಡ್ ಮನೆಯಲ್ಲೇ ಬಿಟ್ಟೆ. ಕೈಯಲ್ಲಿ ಗಾಳ ಇದ್ದರೆ ಕಣ್ಣು ನಮ್ಮ ಮೀನಿನ ಕಡೆಗೇ ಹೋಗುತ್ತೆ.

ನೀರಿನ ಉಷ್ಣತೆ 13 ಡಿಗ್ರಿ. ಟ್ರೌಟ್‌ಗೆ ಹಿತವಾದ ನೀರು. ಮೇಫ್ಲೈ ಎಂಬ ಹುಳಗಳು ನೀರಿನಿಂದ ಏಳುತ್ತಿದ್ದವು. ಮೊದಲ ಅರ್ಧ ಗಂಟೆ ಅವರ ಪಕ್ಕ ಕೂತು ಏನೂ ಮಾತಾಡಲಿಲ್ಲ. ಕ್ಯಾಸ್ಟ್ ಚೆನ್ನಾಗಿತ್ತು. ಫ್ಲೈ ಆಚೆ ದಡದ ನೆರಳಿನಲ್ಲಿ ಮೆತ್ತಗೆ ಇಳಿಯುತ್ತಿತ್ತು. ಅಲ್ಲಿಂದ ನೋಡಿದರೆ ನಾಲ್ಕೈದು ಅಡಿ ಸಲೀಸಾಗಿ ತೇಲುತ್ತಿತ್ತು. ತಪ್ಪೇ ಕಾಣಲಿಲ್ಲ.

ಆಮೇಲೆ ಒಂದು ಯೋಚನೆ ಬಂತು. ನಾವು ಮೂವರೂ ಆರು ವಾರ ನೋಡಿದ್ದು ಅವರ ಪಕ್ಕದಿಂದ. ಮೀನು ನೋಡುವುದು ಆಚೆಯಿಂದ. ನಾನು ಎದ್ದು ಕೆಳಗಡೆ ಆಳವಿಲ್ಲದ ಜಾಗದಲ್ಲಿ ಹೊಳೆ ದಾಟಿದೆ. ಸುತ್ತು ಹಾಕಿ ಬಂದು ಆ ಮರದ ಬುಡದ ಪೊದೆಯ ಹಿಂದೆ ಹೊಟ್ಟೆ ನೆಲಕ್ಕೆ ಹತ್ತಿಸಿ ಮಲಗಿದೆ. ಮೀನುಗಳು ನನ್ನಿಂದ ಎಂಟು ಅಡಿ ದೂರ. ಕೈ ಎತ್ತಿ ಸನ್ನೆ ಮಾಡಿದೆ. ಆಕೆ ಕ್ಯಾಸ್ಟ್ ಮಾಡಿದರು.

ಫ್ಲೈ ಬಿತ್ತು. ಪಕ್ಕದಲ್ಲೇ ಒಂದು ನೊರೆಯ ಗುಳ್ಳೆ ತೇಲಿ ಬರುತ್ತಿತ್ತು, ಕಡಲೆಕಾಳಿನಷ್ಟು. ಫ್ಲೈ ಮತ್ತು ಗುಳ್ಳೆ ಜೊತೆಯಾಗಿ ಹೊರಟವು. ಒಂದು, ಎರಡು ಎಂದು ಎಣಿಸಿದೆ. ಮೂರು ಎನ್ನುವಷ್ಟರಲ್ಲಿ ಫ್ಲೈ ಗುಳ್ಳೆಯನ್ನು ಹಿಂದೆ ಹಾಕಿತು. ಒಂದು ಬೆರಳಿನಷ್ಟು. ಆಮೇಲೆ ಗೇಣಿನಷ್ಟು. ಅದರ ಹಿಂದೆ ನೀರಿನ ಮೇಲೆ ಕೂದಲೆಳೆಯಂಥ ಎರಡು ಗೆರೆ, ದೋಣಿಯ ಹಿಂದೆ ಮೂಡುತ್ತಲ್ಲ, ಹಾಗೆ. ಅದೇ ಹೊತ್ತಿಗೆ ಒಂದು ಮೀನು ನಿಧಾನವಾಗಿ ಮೇಲೆ ಬಂತು. ಮೂತಿ ಫ್ಲೈಗೆ ತಾಗುವಷ್ಟು ಹತ್ತಿರ. ಆ ಗೆರೆಗಳು ಮೂಡಿದವು. ಮೀನು ಬಾಲ ತಿರುವಿ ಕೆಳಗಿಳಿಯಿತು. ನಾನು ಪೊದೆಯ ಹಿಂದೆ ಉಸಿರು ಬಿಗಿ ಹಿಡಿದು ಮಲಗಿದ್ದೆ. ಆರು ವಾರದ ಉತ್ತರ ಎಂಟು ಅಡಿ ದೂರದಲ್ಲಿ ನಡೆದುಹೋಗಿತ್ತು. ನಲವತ್ತು ಅಡಿ ದೂರದಿಂದ ಅದು ಯಾರಿಗೂ ಕಾಣುವಂಥದ್ದಲ್ಲ.

ಮೀನಿಗೆ ಅದೇಕೆ ಅಷ್ಟು ಎದ್ದು ಕಾಣುತ್ತೆ ಎನ್ನುವುದಕ್ಕೆ ಕಾರಣ ಇದೆ. ಮೇಫ್ಲೈ ಮರಿ ಹೆಚ್ಚುಕಡಿಮೆ ಒಂದು ವರ್ಷ ಕಲ್ಲಿನ ಸಂದಿಯಲ್ಲಿ ಬೆಳೆದು ಮೇಲೆ ಬರುತ್ತೆ. ಸಿಪ್ಪೆ ಬಿಟ್ಟು, ರೆಕ್ಕೆ ಒಣಗುವ ತನಕ ನೀರಿನ ಮೇಲೆ ಸುಮ್ಮನೆ ಕೂತಿರುತ್ತೆ. ನೀರು ಕೊಂಡೊಯ್ದ ಕಡೆಗೆ ಹೋಗುತ್ತೆ. ದಿನಕ್ಕೆ ನೂರಾರು ಹುಳ ತಿನ್ನುವ ಮೀನಿಗೆ ಆ ನಡೆ ಚೆನ್ನಾಗಿ ಗೊತ್ತು. ಇನ್ನೊಂದು, ಕೆಳಗಿನಿಂದ ನೋಡುವ ಮೀನಿಗೆ ಹೊರಗಿನ ಲೋಕ ಒಂದು ದುಂಡು ಕಿಟಕಿಯಲ್ಲಿ ಮಾತ್ರ ಕಾಣುತ್ತೆ. ಸುಮಾರು 97 ಡಿಗ್ರಿಯ ಕೋನ. ಅದರಾಚೆ ನೀರಿನ ಮೇಲ್ಮೈ ಪೂರ್ತಿ ಕನ್ನಡಿ. ಆ ಕನ್ನಡಿಯ ಮೇಲೆ ಹುಳದ ಕಾಲು ಒತ್ತಿದ ಸಣ್ಣ ಕುಳಿಗಳು ಮಿನುಗುತ್ತವೆ. ಫ್ಲೈ ಜಾರಿದರೆ ಆ ಮಿನುಗು ಗೆರೆಯಾಗುತ್ತೆ. ನಮಗೆ ಮೇಲಿನಿಂದ ಕೂದಲೆಳೆ. ಅದಕ್ಕೆ ಕನ್ನಡಿಯ ಮೇಲೆ ಎಳೆದ ಗೀಟು. (ಕ್ಯಾಡಿಸ್ ಹುಳಗಳಲ್ಲಿ ಕೆಲವು ನೀರಿನ ಮೇಲೆ ಓಡಾಡುತ್ತವೆ. ಆಗ ಜಾರುವ ಫ್ಲೈಯೂ ನಡೆಯುತ್ತೆ. ಅವತ್ತು ಏಳುತ್ತಿದ್ದದ್ದು ಅವಲ್ಲ.)

ಕಾರಣ ಈಗ ಸ್ಪಷ್ಟ. ಫ್ಲೈ ಆಚೆಯ ನಿಧಾನದ ನೀರಿನಲ್ಲಿ. ಆಕೆ ಈಚೆಯ ನಿಧಾನದ ನೀರಿನಲ್ಲಿ. ನಡುವಿನ ಜೋರಿನ ಸೆಳವಿನ ಮೇಲೆ ನೇರವಾಗಿ ಹಾಸಿದ ಲೈನ್. ಸೆಳವು ಲೈನನ್ನು ಬಿಲ್ಲಿನಂತೆ ಬಗ್ಗಿಸುತ್ತೆ, ಬಿಲ್ಲು ಫ್ಲೈಯನ್ನು ಎಳೆಯುತ್ತೆ. ಎರಡು ತಿಂಗಳು ಹುಲ್ಲಿನ ಮೇಲೆ ಕಲಿತ ಆ ಉದ್ದದ, ನೇರದ ಕ್ಯಾಸ್ಟೇ ಇದಕ್ಕೆ ಮೂಲ. ಹುಲ್ಲು ಹರಿಯುವುದಿಲ್ಲ ಅಲ್ವಾ.

ವಾಪಸ್ ಬಂದು ಅವರ ಎಡಗೈ ನೋಡಿದೆ. ಫ್ಲೈ ಬಿದ್ದ ತಕ್ಷಣ ಬೆರಳುಗಳು ತಾವಾಗಿಯೇ ಲೈನನ್ನು ಎರಡಿಂಚು ಎಳೆದು ಬಿಗಿ ಮಾಡುತ್ತಿದ್ದವು. ಪ್ರತಿ ಸಲ. ಯಾಕೆ ಹಾಗೆ ಮಾಡುತ್ತೀರಿ ಎಂದು ಕೇಳಿದೆ. ಆಕೆ ನನ್ನನ್ನೇ ಆಶ್ಚರ್ಯದಿಂದ ನೋಡಿದರು. "ಸಡಿಲ ಬಿಟ್ರೆ ಮೀನು ಕಚ್ಚಿದ್ದು ಗೊತ್ತಾಗೋದು ಹೇಗೆ?"

ನಿಂತ ನೀರಿನಲ್ಲಿ ಮೂವತ್ತು ವರ್ಷ ಕಲಿತದ್ದು ಅದು. ಅಲ್ಲಿ ಅದು ನೂರಕ್ಕೆ ನೂರು ಸರಿ. ದಾರ ಬಿಗಿಯಿದ್ದರೆ ಬೆರಳಿಗೆ ಮೀನು ಗೊತ್ತಾಗುತ್ತೆ. ಇಲ್ಲಿ ಮಾತ್ರ ಬೆರಳಿಗೆ ಕೆಲಸವಿಲ್ಲ, ಕಣ್ಣಿಗೆ ಕೆಲಸ. ಡ್ರೈ ಫ್ಲೈಯನ್ನು ಮೀನು ತೆಗೆದುಕೊಂಡದ್ದು ಕಾಣಿಸುತ್ತೆ. ಆರು ವಾರದಲ್ಲಿ ಒಬ್ಬರಾದರೂ, "ನೀವು ಮೊದಲು ಹೇಗೆ ಮೀನು ಹಿಡೀತಿದ್ರಿ?" ಎಂದು ಅವರನ್ನು ಕೇಳಬೇಕಿತ್ತು. ಕೇಳಿದ್ದರೆ ಮೊದಲ ದಿನವೇ ಇದು ಹೊರಗೆ ಬರುತ್ತಿತ್ತು. ಈ ಇಡೀ ಪ್ರಕರಣದಲ್ಲಿ ನನ್ನ ಮನಸ್ಸಿಗೆ ಚುಚ್ಚಿದ್ದು ಇದೇ.

ಕೊಕ್ಕೆ ಇಲ್ಲದ ಫ್ಲೈ

ಡ್ರ್ಯಾಗ್ ತಪ್ಪಿಸುವ ಉಪಾಯಗಳು ನನಗೆ ಹತ್ತು ಗೊತ್ತು. ಹೇಳಬೇಕೆಂದು ಬಾಯಿ ತುದಿಗೆ ಬಂದಿತ್ತು. ಹದಿನಾಲ್ಕು ಸೂಚನೆಗಳ ಆ ಪುಟ ನೆನಪಾಗಿ ಸುಮ್ಮನಾದೆ. ಬದಲಿಗೆ ಒಂದು ಹಳೆಯ ಆಡಮ್ಸ್ ತೆಗೆದು, ಇಕ್ಕಳದಿಂದ ಕೊಕ್ಕೆಯ ಬಾಗನ್ನೇ ಕತ್ತರಿಸಿ ಅವರ ಟಿಪೆಟ್‌ಗೆ ಕಟ್ಟಿದೆ. ಈಗ ಮೀನು ಹಿಡಿಯಲು ಸಾಧ್ಯವೇ ಇಲ್ಲ. ಕೆಲಸ ಒಂದೇ. ಯಾವುದಾದರೂ ನೊರೆಗುಳ್ಳೆಯ ಪಕ್ಕ ಫ್ಲೈ ಹಾಕಬೇಕು. ಎರಡೂ ಎಷ್ಟು ಎಣಿಕೆ ಜೊತೆಗಿರುತ್ತವೆ ಎಂದು ಎಣಿಸಬೇಕು. ಹೇಗೆ ಮಾಡಬೇಕೆಂದು ನಾನು ಹೇಳುವುದಿಲ್ಲ.

ಮೊದಲು ಎರಡು. ಮತ್ತೆ ಎರಡು. ಮೂರು. ಸ್ವಲ್ಪ ಹೊತ್ತಾದ ಮೇಲೆ ಆಕೆ ತಾವಾಗಿಯೇ ಲೈನ್ ಚಿಕ್ಕದು ಮಾಡಿಕೊಂಡು ಹದಿನೈದು ಅಡಿಗೆ ಇಳಿದರು. ನಾಲ್ಕು ಬಂತು. ಆಮೇಲೆ ರಾಡ್ ಎತ್ತಿ ಹಿಡಿದು ಲೈನ್ ನೀರಿಗೆ ತಾಗದಂತೆ ಮಾಡಿದರು. ಆರು. ಒಂದು ಸಲ ಕ್ಯಾಸ್ಟ್ ಕೆಟ್ಟು ಲೈನ್ ಹಾವಿನಂತೆ ಸುರುಳಿಯಾಗಿ ಬಿತ್ತು. ಛೆ ಎಂದು ಎತ್ತಲು ಹೋದವರು ತಡೆದರು. ಫ್ಲೈ ಗುಳ್ಳೆಯ ಜೊತೆ ಒಂಬತ್ತು ಎಣಿಕೆ ಹೋಯಿತು. ಸುರುಳಿಗಳು ಬಿಚ್ಚಿಕೊಳ್ಳುವ ತನಕ ನೀರಿಗೆ ಎಳೆಯಲು ಏನೂ ಇರಲಿಲ್ಲ. "ಹಾಗಾದ್ರೆ ಸಡಿಲವೇ ಬೇಕಾ!" ಎಂದರು. ಮುಂದಿನ ಸಲ ಬೇಕೆಂದೇ ಹಾಗೆ ಹಾಕಿದರು. ಇದಕ್ಕೆ ಹೆಸರುಗಳಿವೆ, ವಿಧಗಳಿವೆ. ಅವತ್ತು ಹೆಸರಿನ ಅಗತ್ಯ ಬೀಳಲಿಲ್ಲ.

ಅರ್ಧ ಗಂಟೆ ಆಗಿರಬೇಕು. ಈಚೆಯ ನೀರಿನಲ್ಲೇ, ಒಂದು ಕಲ್ಲಿನ ಪಕ್ಕದಿಂದ, ನಮಗೆ ಗೊತ್ತೇ ಇಲ್ಲದ ಒಂದು ಟ್ರೌಟ್ ಎದ್ದು ಬಂದು ಆ ಕೊಕ್ಕೆ ಇಲ್ಲದ ಫ್ಲೈಯನ್ನು ಗುಳುಂ ಎಂದು ನುಂಗಿತು. ಮರುಕ್ಷಣ ಉಗುಳಿ ಹೋಯಿತು. ಆಕೆ ನನ್ನ ಕಡೆ ತಿರುಗಿ, ಮಗುವಿನ ಥರ, "ನಂಬಿತು! ಅದು ನಂಬಿತು!" ಎಂದರು. ಆ ಒಂದು ಕ್ಷಣಕ್ಕೆ ಆರು ವಾರ ಸಾರ್ಥಕ ಎಂದು ನನಗೂ ಅನಿಸಿತು. ಮೀನು ಹಿಡಿದ ಖುಷಿಗಿಂತ ಇದು ಬೇರೆ. ಏನಾಯಿತು, ಯಾಕಾಯಿತು ಎಂದು ಅವರಿಗೇ ಗೊತ್ತಿತ್ತು.

ಆಮೇಲೆ ನಾನು ಒಂದೇ ಒಂದು ವಿಷಯ ಹೇಳಿದೆ. ಆಚೆಯ ಮೀನಿಗೆ ಇಲ್ಲಿಂದ ಹಾಕುವುದು ಬೇಡ, ನಡೆದು ಹೋಗೋಣ. ಟ್ರೌಟ್ ಹರಿವಿಗೆ ಮುಖ ಮಾಡಿ ನಿಲ್ಲುತ್ತೆ. ನೇರ ಹಿಂದಿನದು ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಕೆಳಗಿನಿಂದ, ಬೆನ್ನ ಹಿಂದಿನಿಂದ, ತಗ್ಗಿಕೊಂಡು ಹೋದರೆ ಬಹಳ ಹತ್ತಿರ ಹೋಗಬಹುದು. ವೇಡರ್‌ನ (ನೀರಿಗಿಳಿಯಲು ತೊಡುವ, ನೀರು ಹೋಗದ ಉಡುಪು) ಬೆಲ್ಟ್ ಬಿಗಿ ಮಾಡಿ, ಕೋಲು ಊರಿ, ಒಂದು ಹೆಜ್ಜೆ ಗಟ್ಟಿಯಾದ ಮೇಲೆ ಇನ್ನೊಂದು ಎತ್ತಿ ದಾಟಿದೆವು. ಮೀನಿನ ಹಿಂದೆ ಹದಿನೆಂಟು ಅಡಿಯಲ್ಲಿ ಆಕೆ ಮಂಡಿಯೂರಿದರು. ಈಗ ಅವರಿಗೂ ಮೀನಿಗೂ ನಡುವೆ ಒಂದೇ ಹರಿವು. ಎಳೆಯುವ ಸೆಳವೇ ಇಲ್ಲ.

ಆಗ ನನಗೆ ನೆನಪಾಯಿತು. ನಾಲ್ಕನೇ ವಾರ ಹಿರಿಯರು ಮೀನು ಹಿಡಿದು ತೋರಿಸಿದಾಗ ನಿಂತಿದ್ದದ್ದು ಇದೇ ಜಾಗದಲ್ಲಿ! ರಾಡ್ ಹಿಡಿದು ಮಾತಾಡುತ್ತಲೇ ಅವರು ಹೊಳೆ ದಾಟಿ ಹೋಗಿದ್ದರು. ನಾವೆಲ್ಲ ಅವರ ಕೈ ನೋಡಿದೆವು. ಕಾಲು ಯಾರೂ ನೋಡಲಿಲ್ಲ. ಆಮೇಲೊಮ್ಮೆ ಅವರನ್ನು ಕೇಳಿದೆ, ಅಲ್ಲಿಗೆ ಯಾಕೆ ಹೋದಿರಿ ಎಂದು. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅಲ್ಲಿ ನಿಲ್ಲೋದೇ ಅಲ್ವಾ?" ಎಂದರು. ನಲವತ್ತು ವರ್ಷದ ಅನುಭವ ಅವರ ಕಾಲಿಗೆ ಇಳಿದುಬಿಟ್ಟಿದೆ. ಬಾಯಿಗೆ ಬರುವುದಿಲ್ಲ.

ಮೊದಲ ಮೀನು

ಮೊದಲನೆಯದು ಬಂತು, ತಪ್ಪಿತು. ನಿಂತ ನೀರಿನ ಅಭ್ಯಾಸದಲ್ಲಿ ಜೋರಾಗಿ ಎಳೆದರು. ಟಿಪೆಟ್ ಕಡಿಯಿತು. ಮುಂದಿನ ಸಲ ಸುಮ್ಮನೆ ರಾಡ್ ಎತ್ತಿದರೆ ಸಾಕು ಎಂದೆ. ಹತ್ತು ನಿಮಿಷ ನೀರು ಶಾಂತವಾಗಲು ಬಿಟ್ಟು, ಹರಿವಿನ ಮೇಲ್ಗಡೆಯ ಮೀನಿಗೆ ಹಾಕಿದರು. ಫ್ಲೈ ಇಳಿಯಿತು. ಪಕ್ಕದಲ್ಲಿ ಗುಳ್ಳೆ. ಆಕೆ ಬಾಯಲ್ಲೇ ಎಣಿಸುತ್ತಿದ್ದುದು ನನಗೆ ಕೇಳುತ್ತಿತ್ತು. ಐದಕ್ಕೆ ಮೂತಿ ಎದ್ದಿತು.

ಬ್ರೌನ್ ಟ್ರೌಟ್. ಹನ್ನೊಂದು ಇಂಚು ಇರಬಹುದು. ಬೆಣ್ಣೆ ಬಣ್ಣದ ಹೊಟ್ಟೆ, ಮೈಮೇಲೆ ಕಪ್ಪು ಚುಕ್ಕೆ, ನಡುನಡುವೆ ಕೆಂಪು ಚುಕ್ಕೆ, ಕೆಂಪಿನ ಸುತ್ತ ತೆಳು ಬಿಳಿ ಬಳೆ. ಬಲೆಗೆ ತೆಗೆದುಕೊಂಡ ಮೇಲೆ ಫೋಟೊಗೆ ಎತ್ತಿ ಹಿಡಿಯುತ್ತೀರಾ ಎಂದು ನಾನೇ ಕೇಳಿದೆ. "ಎಷ್ಟು ಹೊತ್ತು ಎತ್ತಬಹುದು?" ಎಂದು ಅವರು ಕೇಳಿದರು. ಈ ಪ್ರಶ್ನೆಗೆ ನಾನು ಸರಿಯಾದ ಉತ್ತರ ಕೊಡಲೇಬೇಕಿತ್ತು. 1992ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗವೊಂದರಲ್ಲಿ ಸುಸ್ತಾಗುವ ತನಕ ಓಡಿಸಿದ ರೇನ್‌ಬೋ ಟ್ರೌಟ್‌ಗಳನ್ನು ಗಾಳಿಗೆ ಒಡ್ಡಿ ನೋಡಿದ್ದರು. ಗಾಳಿಗೆ ಒಡ್ಡದೆ ಬಿಟ್ಟವುಗಳಲ್ಲಿ 12 ಶೇಕಡಾ ಸತ್ತವು. 30 ಸೆಕೆಂಡ್ ಹೊರಗಿಟ್ಟವುಗಳಲ್ಲಿ 38. ಒಂದು ನಿಮಿಷ ಇಟ್ಟವುಗಳಲ್ಲಿ 72. ಅದು ಪ್ರಯೋಗಾಲಯದ ಮಾತು, ಹೊಳೆಯಲ್ಲಿ ಬೇಗ ಹಿಡಿದು ಬೇಗ ಬಿಟ್ಟರೆ ಅಷ್ಟು ಕೆಟ್ಟದಾಗುವುದಿಲ್ಲ. ಆದರೂ ದಿಕ್ಕು ಗೊತ್ತಾಗುತ್ತಲ್ಲ. ಓಡಿ ಸುಸ್ತಾದವರ ಮೂಗು ಮುಚ್ಚಿದ ಹಾಗೆ ಅದು.

ಆಕೆ ಎತ್ತಲಿಲ್ಲ. ಕೈ ಒದ್ದೆ ಮಾಡಿಕೊಂಡರು. ಒಣಗೈ ತಾಗಿದರೆ ಮೀನಿನ ಮೈಯ ಲೋಳೆ ಕಿತ್ತು ಬರುತ್ತೆ, ಸೋಂಕು ತಡೆಯುವುದು ಆ ಲೋಳೆಯೇ. ಕೊಕ್ಕೆಯ ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದೆವು, ಹಾಗಾಗಿ ಸಲೀಸಾಗಿ ಬಿಡಿಸಿತು. ಮೀನನ್ನು ನೀರಿನಲ್ಲಿದ್ದ ಬಲೆಯಲ್ಲೇ ಹರಿವಿಗೆ ಮುಖ ಮಾಡಿ ಇಟ್ಟುಕೊಂಡು ನೋಡಿದರು. ಕಿವಿರು ಎರಡು ಮೂರು ಸಲ ದೊಡ್ಡದಾಗಿ ತೆರೆಯಿತು. ಬಲೆ ತಗ್ಗಿಸಿದರು. ಹೋಯಿತು. ಫೋಟೊ ಇಲ್ಲ.

ಆಮೇಲೆ ಬದಲಾದದ್ದು

ಎಂಟನೇ ವಾರ ಎರಡು ಮೀನು. ಒಂಬತ್ತನೇ ವಾರ ಹೊಳೆಗೆ ಹೋದವರು ಗಾಳ ಬಿಚ್ಚದೆ ವಾಪಸ್ ಬಂದೆವು. ಥರ್ಮಾಮೀಟರ್ 20 ಡಿಗ್ರಿ ತೋರಿಸುತ್ತಿತ್ತು. 10 ಡಿಗ್ರಿಯ ನೀರು ಲೀಟರಿಗೆ ಸುಮಾರು 11.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 20 ಡಿಗ್ರಿಯಲ್ಲಿ ಅದು 9.1ಕ್ಕೆ ಇಳಿಯುತ್ತೆ. ಬಿಸಿಗೆ ಮೀನಿಗೆ ಬೇಕಾದದ್ದು ಜಾಸ್ತಿ, ಸಿಗುವುದು ಕಡಿಮೆ. ಅಂಥ ನೀರಿನಲ್ಲಿ ಹಿಡಿದು ಬಿಟ್ಟ ಟ್ರೌಟ್ ಈಜಿ ಹೋದಂತೆ ಕಂಡರೂ ಆಮೇಲೆ ಸಾಯಬಹುದು. ಅಷ್ಟು ದೂರ ಹೋಗಿ ವಾಪಸ್ ಬರುವುದು ಹೊಸಬರಿಗೆ ಬೇಸರ ತರಬಹುದು ಎಂದುಕೊಂಡಿದ್ದೆ. ಥರ್ಮಾಮೀಟರ್ ಮೊದಲು ನೀರಿಗೆ ಹಾಕಿದ್ದೂ ಹೋಗೋಣ ಎಂದದ್ದೂ ಅವರೇ.

ನಾವು ಮೂವರೂ ಕೂತು ಮಾತಾಡಿದೆವು. ಒಂದು ದಿನ ಒಬ್ಬರೇ ಮಾತಾಡುವುದು, ಉಳಿದವರು ಬಂದರೂ ಬಾಯಿ ತೆರೆಯುವುದಿಲ್ಲ ಎಂದು ತೀರ್ಮಾನವಾಯಿತು. ಕಲಿಸುವವರ ಕೈಯಲ್ಲಿ ರಾಡ್ ಇರಬಾರದು ಎನ್ನುವುದಕ್ಕೆ ಗೆಳೆಯ ಒಪ್ಪಲು ತಡ ಮಾಡಿದ, ಒಪ್ಪಿದ. ಹಿರಿಯರದು ಒಂದು ತಕರಾರು ಉಳಿದಿದೆ. ಹೊಸಬರಿಗೆ ಮೊದಲ ದಿನವೇ ಒಂದು ಮೀನು ಸಿಗಬೇಕು, ಸಾಕಿದ ಮೀನು ಬಿಟ್ಟ ಕೊಳಕ್ಕಾದರೂ ಕರೆದೊಯ್ಯಿರಿ, ಇಲ್ಲದಿದ್ದರೆ ಆರು ವಾರ ಯಾರು ಕಾಯುತ್ತಾರೆ ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಈಕೆ ಕಾದರು, ಎಲ್ಲರೂ ಕಾಯುವುದಿಲ್ಲ. ಆದರೆ ಕೊಳ ಇವರಿಗೆ ಮತ್ತೆ ಬಿಗಿ ದಾರವನ್ನೇ ಕಲಿಸುತ್ತಿತ್ತು ಎಂದು ನನ್ನ ಭಾವನೆ. ಕೊಕ್ಕೆ ಕತ್ತರಿಸಿದ ಫ್ಲೈಯಿಂದ ಹರಿಯುವ ನೀರಿನಲ್ಲೇ ಶುರು ಮಾಡಿಸಿದ್ದರೆ ಆರು ವಾರ ಒಂದು ಮಧ್ಯಾಹ್ನಕ್ಕೆ ಇಳಿಯುತ್ತಿತ್ತು.

ನಿಂಫ್ ಇನ್ನೂ ಅವರಿಗೆ ಕೂಡಿಬಂದಿಲ್ಲ. ಹೊಳೆಯ ತಳದಲ್ಲಿ ಕಲ್ಲುಗಳು ತಡೆಯುವುದರಿಂದ ನೀರು ಮೇಲಿಗಿಂತ ನಿಧಾನ. ಹಾಗಾಗಿ ನಿಂಫ್ ಎಲ್ಲಿದೆ ಎಂದು ತಿಳಿಯಲು ದಾರಕ್ಕೆ ಕಟ್ಟುವ, ಮೇಲೆ ತೇಲುವ ಗುರುತು ಗುಳ್ಳೆಯ ಜೊತೆಗೇ ಹೋಗುತ್ತಿದ್ದರೆ, ಕೆಳಗೆ ನಿಂಫ್ ಜೋರಾಗಿ ಎಳೆಯಲ್ಪಡುತ್ತಿದೆ ಎಂದು ಅರ್ಥ. ಗುರುತು ಗುಳ್ಳೆಗಿಂತ ಕೊಂಚ ಹಿಂದೆ ಬೀಳಬೇಕು. ಇದನ್ನು ಕೇಳಿ ಆಕೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನೋಟ್‌ಬುಕ್ ತೆಗೆದು ಒಂದು ಪ್ರಶ್ನೆ ಬರೆದು ನಮ್ಮ ಮುಂದಿಟ್ಟರು. 'ಕೆಳಗೆ ಗುಳ್ಳೆ ಇಲ್ಲ. ಅಲ್ಲಿ ನಾನು ಯಾವುದರ ಜೊತೆ ಎಣಿಸಲಿ?'

ಮೂವರೂ ಮೂರು ಉತ್ತರ ಶುರು ಮಾಡಿ, ಒಟ್ಟಿಗೇ ನಿಲ್ಲಿಸಿದೆವು. ಈ ಶನಿವಾರ ಮಾತಾಡುವ ಸರದಿ ಗೆಳೆಯನದು.